ಇಪ್ಪತ್ತೆಂಟು ದಿನಗಳ ತಿಂಗಳು



ನಮ್ಮ ಶಾಲೆಯ ಹಳೆಯ ಹೆಂಚಿನ ಕಟ್ಟಡದ ನೆನಪುಗಳನ್ನು ಈ ಸಲ ಮುಂದುವರಿಸುವುದಾಗಿ ಹೇಳಿದ್ದೆ. ಅದನ್ನು ಮುಂದಿನ ಬಾರಿಗೆ ಕಾದಿರಿಸಿ ಇಂದು ಒಂದು ಜಗಳದ ಮಾತನ್ನು ಬರೆಯುತ್ತಿದ್ದೇನೆ. ಜಗಳ ಮೊಬೈಲ್ ಕಂಪನಿಗಳೊಡನೆ. ಅರ್ಧ ನಿಮ್ಮೊಡನೆಯೂ ಹೌದು. ಅದೇಕೆಂಬುದು ಮುಂದೆ ತಿಳಿಯುತ್ತದೆ.

ನನ್ನ ಅಕ್ಕನನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಹೊಸನಗರದ ಕಡೆ ಅಡಿಕೆ ತೋಟದ ನಡುವಿನ ಒಂಟಿ ಮನೆಯಲ್ಲಿದ್ದಾಳೆ. ವಯಸ್ಸು ಎಪ್ಪತ್ತೆಂಟು. ಅವಳ ಬಳಿ ಇರುವುದು ಗುಂಡಿಯೊತ್ತುವ ಸಣ್ಣ ಫೋನು. ಅದರ ಸ್ಥಾನ ನಡುಮನೆಯ ಕಿಟಕಿಯ ದಂಡೆ, ಏಕೆಂದರೆ ಇಡೀ ಮನೆಯಲ್ಲಿ ಸಿಗ್ನಲ್ ಎಂಬ ದೇವರು ಪ್ರತ್ಯಕ್ಷವಾಗುವುದು ಅಲ್ಲಿ ಮಾತ್ರ. ತಿಂಗಳಿಗೆ ಅವಳು ತಾನಾಗಿ ಮಾಡುವ ಕರೆಗಳೆಲ್ಲ ಸೇರಿ ಹತ್ತು ನಿಮಿಷವಾದೀತು: ಗ್ಯಾಸಿನವನಿಗೆ ಒಂದು, ಕೊನೆಗೌಡನಿಗೆ ಒಂದೆರಡು. ಉಳಿದಂತೆ ಅದು ಕೇಳಿಸಿಕೊಳ್ಳುವ ಯಂತ್ರ. ಭಾನುವಾರ ಸಂಜೆ ನಾನು ಫೋನು ಮಾಡುತ್ತೇನೆಂದು ಅವಳು ಐದು ಗಂಟೆಗೇ ದೀಪ ಹಚ್ಚಿ ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಕೂರುತ್ತಾಳೆ.

2024ರ ಮಳೆಗಾಲದಲ್ಲಿ ಸತತ ಮೂರು ಭಾನುವಾರ ಆ ಫೋನು ಸಿಗಲಿಲ್ಲ. ಮಲೆನಾಡಿನ ಮಳೆಯಲ್ಲಿ ಕರೆಂಟು, ಟವರು, ರಸ್ತೆ ಮೂರೂ ಕೈಕೊಡುವುದು ಹೊಸತಲ್ಲವಾದ್ದರಿಂದ ನಾನೂ ಮೊದಲೆರಡು ವಾರ ಸುಮ್ಮನಿದ್ದೆ. ಮೂರನೆಯ ವಾರ ಮನಸ್ಸು ತಡೆಯದೆ ಪಕ್ಕದ ತೋಟದವರಿಗೆ ಹೇಳಿ ನೋಡಿಸಿದೆ. ಅಕ್ಕ ಆರೋಗ್ಯವಾಗಿದ್ದಳು. ಅವರ ಫೋನಿನಿಂದಲೇ ಮಾತನಾಡಿ ಅವಳು ಹೇಳಿದ ಮೊದಲ ಮಾತು: "ನಿನಗೆ ನನ್ನ ಮೇಲೆ ಸಿಟ್ಟು ಬಂದಿದೆ ಅಂದುಕೊಂಡೆ ಕಣೋ. ಹೋದ ಸಲ ಬಂದಾಗ ತೋಟದ ವಿಷಯಕ್ಕೆ ಮಾತಿಗೆ ಮಾತು ಬಂತಲ್ಲ." ಮೂರು ವಾರ, ಕಿಟಕಿಯ ಪಕ್ಕದ ಆ ಕುರ್ಚಿಯಲ್ಲಿ ಕುಳಿತು ಅವಳು ಅದನ್ನೇ ಯೋಚಿಸಿದ್ದಳು.

ಆದದ್ದಿಷ್ಟೆ. ರೀಚಾರ್ಜಿನ ಅವಧಿ ಮುಗಿದಿತ್ತು. ಬೆಂಗಳೂರಿನಲ್ಲಿರುವ ಅವಳ ಮಗ ಕಚೇರಿಯ ಕೆಲಸದ ಮೇಲೆ ವಿದೇಶಕ್ಕೆ ಹೋದವನು ಮರೆತಿದ್ದ. ಅವಧಿ ಮುಗಿದ ಕೆಲವು ದಿನಗಳಲ್ಲಿ ಒಳಬರುವ ಕರೆಯೂ ನಿಂತಿತು. ಕಂಪನಿ ಎಚ್ಚರಿಕೆಯ ಸಂದೇಶಗಳನ್ನು ಕಳಿಸಿತ್ತು, ಸುಳ್ಳಲ್ಲ. ಎಲ್ಲವೂ ಇಂಗ್ಲಿಷಿನಲ್ಲಿ, ಸಂದೇಶ ತೆರೆಯಲು ಬಾರದ ಮುದುಕಿಯ ಫೋನಿಗೆ. ಆಶ್ಚರ್ಯವೆಂದರೆ ಅವಳ ಖಾತೆಯಲ್ಲಿ ಆಗಲೂ 47 ರೂಪಾಯಿ ಇತ್ತು. ಹಣವಿತ್ತು, ಫೋನಿತ್ತು, ಸಂಖ್ಯೆಯೂ ಇತ್ತು. ಕಿವಿ ಮಾತ್ರ ಮುಚ್ಚಿತ್ತು.

ಮರಳಿ ಬಂದ ಸೋದರಳಿಯ ತಪ್ಪೊಪ್ಪಿಕೊಂಡು ಒಡನೆಯೇ ರೀಚಾರ್ಜ್ ಮಾಡಿಸಿದ. ಯಾವುದನ್ನು? ಮುನ್ನೂರು ರೂಪಾಯಿಯ ಆಸುಪಾಸಿನ, ದಿನಕ್ಕೆ ಒಂದೂವರೆ ಜಿಬಿ ಇಂಟರ್ನೆಟ್ ಕೊಡುವ ಯೋಜನೆಯನ್ನು! ವರ್ಷಗಳಿಂದಲೂ ಅದೇ ಬಗೆಯದನ್ನೇ ಹಾಕಿಸುತ್ತಿದ್ದನಂತೆ. ಚಿತ್ರವನ್ನೇ ತೋರಿಸಲಾರದ ಫೋನಿಗೆ 28 ದಿನಕ್ಕೆ 42 ಜಿಬಿ. ಅಂಥ ಹದಿಮೂರು ರೀಚಾರ್ಜಿಗೆ, ಅಂದರೆ ಹೆಚ್ಚುಕಡಿಮೆ ಒಂದು ವರ್ಷಕ್ಕೆ, 546 ಜಿಬಿ. ಪ್ರತಿ ರಾತ್ರಿ ಹನ್ನೆರಡಕ್ಕೆ ಆ ದಿನದ ಒಂದೂವರೆ ಜಿಬಿ ಆ ಕಿಟಕಿಯಿಂದಲೇ ಹಾರಿಹೋಗುತ್ತಿತ್ತು. ಇದನ್ನು ಬರೆಯಲು ಅವನ ಅನುಮತಿ ಪಡೆದಿದ್ದೇನೆ. "ಮಾವ, ನನ್ನ ಫೋನಿಗೆ ಹಾಕುವುದನ್ನೇ ಅಮ್ಮನಿಗೂ ಹಾಕುತ್ತಿದ್ದೆ, ಯೋಚಿಸಲಿಲ್ಲ" ಎಂದ. ನಿಮ್ಮಲ್ಲಿ ಎಷ್ಟು ಮಂದಿ ಯೋಚಿಸಿದ್ದೀರಿ? ಜಗಳದಲ್ಲಿ ನಿಮ್ಮ ಪಾಲು ಇದು.

ನಾನು ಮೂವತ್ತೆರಡು ವರ್ಷ ಗಣಿತ ಹೇಳಿದವನು. ಬೀಜಗಣಿತ ಮರೆತಿದ್ದರೆ ಕ್ಷಮಿಸುತ್ತೇನೆ, ಭಾಗಾಕಾರ ಮರೆತಿದ್ದರೆ ಕ್ಷಮಿಸಲಾರೆ. ಕಪ್ಪುಹಲಗೆಯ ಮುಂದೆ ಕುಳಿತಂತೆ ಕುಳಿತುಕೊಳ್ಳಿ.

2024ರ ಜುಲೈ ತಿಂಗಳ ದರ ಏರಿಕೆಯ ನಂತರ ಏರ್‌ಟೆಲ್ಲಿನ 28 ದಿನಗಳ ಅತ್ಯಂತ ಅಗ್ಗದ ಯೋಜನೆ 199 ರೂಪಾಯಿಯದಾಯಿತು. ಮಾತು ಅನಿಯಮಿತ, ಅಂದರೆ 'ಉಚಿತ'. ಅಕ್ಕನಂಥವರು ಹತ್ತು ನಿಮಿಷ ಮಾತನಾಡಿದರೆ ನಿಮಿಷಕ್ಕೆ ಎಷ್ಟಾಯಿತು? 19 ರೂಪಾಯಿ 90 ಪೈಸೆ. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ಕೇಂದ್ರ ಸಚಿವ ಸುಖರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದ ಕಾಲದಲ್ಲಿ ದಟ್ಟಣೆಯ ಹೊತ್ತಿನ ದರ ನಿಮಿಷಕ್ಕೆ 16 ರೂಪಾಯಿಯ ಆಸುಪಾಸಿನಲ್ಲಿತ್ತು. ಆಗ ಅದನ್ನು ಸಿರಿವಂತರ ಆಟಿಕೆ ಎನ್ನುತ್ತಿದ್ದೆವು. ರೂಪಾಯಿಯ ಬೆಲೆ ಆಗ ಬೇರೆ, ಒಳಬರುವ ಕರೆಗೂ ಆಗ ಹಣ ತೆರಬೇಕಿತ್ತು, ನೀವು ಒಳಕರೆಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ ಎಂದು ಹಿಂದಿನ ಬೆಂಚಿನ ಜಾಣರು ಎದ್ದು ನಿಲ್ಲುತ್ತೀರಿ, ಗೊತ್ತು. ಒಪ್ಪಿದೆ, ಕುಳಿತುಕೊಳ್ಳಿ. ಹತ್ತರ ಬದಲು ನಲವತ್ತು ನಿಮಿಷವೆಂದು ಹಿಡಿದರೂ ನಿಮಿಷಕ್ಕೆ 5 ರೂಪಾಯಿ ಬೀಳುತ್ತದೆ. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೊಂದು ಪೈಸೆ ಎಂದು ಆರಂಭಿಸಿ ಉಳಿದವರೂ ಹಿಂಬಾಲಿಸಿದಾಗ ಅದೇ ನಲವತ್ತು ನಿಮಿಷಕ್ಕೆ ನಾವು ಕೊಡುತ್ತಿದ್ದುದು 24 ರೂಪಾಯಿ.

ಇನ್ನು ಆ 28 ದಿನ. ಆಕಾಶದ ಚಂದ್ರನೇ ಹುಣ್ಣಿಮೆಯಿಂದ ಹುಣ್ಣಿಮೆಗೆ ಇಪ್ಪತ್ತೊಂಬತ್ತೂವರೆ ದಿನ ತೆಗೆದುಕೊಳ್ಳುತ್ತಾನೆ. ಕಂಪನಿಯ ತಿಂಗಳು ಅವನಿಗಿಂತ ಚುರುಕು. 365ನ್ನು 28ರಿಂದ ಭಾಗಿಸಿ: 13, ಶೇಷ 1. ಪಿಂಚಣಿ ವರ್ಷಕ್ಕೆ ಹನ್ನೆರಡು ಸಲ ಬರುತ್ತದೆ, ರೀಚಾರ್ಜು ಹದಿಮೂರು ಸಲ. ಪಂಚಾಂಗದ ಅಧಿಕ ಮಾಸವಾದರೂ ಮೂರು ವರ್ಷಕ್ಕೊಮ್ಮೆ ಬರುವಂಥದು, ಇವರದು ಪ್ರತಿವರ್ಷ. ಈ ಗೊಣಗಾಟ ನನ್ನೊಬ್ಬನದಲ್ಲ. 2022ರ ಜನವರಿಯಲ್ಲಿ ಟ್ರಾಯ್ ಪ್ರಾಧಿಕಾರವು ಪ್ರತಿ ಕಂಪನಿಯೂ ಪೂರ್ಣ 30 ದಿನದ ಒಂದು ಯೋಜನೆಯನ್ನೂ, ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸುವ ಇನ್ನೊಂದನ್ನೂ ಇಡಲೇಬೇಕೆಂದು ಆದೇಶಿಸಬೇಕಾಯಿತು. ಮೂವತ್ತು ದಿನಕ್ಕೆ ಒಂದು ತಿಂಗಳು ಎಂದು ಒಪ್ಪಿಸಲು ಒಂದು ಸರಕಾರಿ ಆದೇಶ!

ಈ ಸ್ಥಿತಿ ಒಂದೇ ದಿನದಲ್ಲಿ ಬಂದದ್ದಲ್ಲ. ನಿಮಗೆ ಹಳದಿ ಬಣ್ಣದ ಎಸ್‌ಟಿಡಿ ಬೂತುಗಳ ನೆನಪಿರಬಹುದು. ಗಾಜಿನ ಗೂಡಿನಲ್ಲಿ ಕೆಂಪು ಅಂಕಿಗಳು ಓಡುತ್ತಿದ್ದಂತೆ ಎದೆಬಡಿತವೂ ಓಡುತ್ತಿತ್ತು. ರಾತ್ರಿ ದರ ಇಳಿಯುವವರೆಗೆ ಸಾಲಿನಲ್ಲಿ ಕಾಯುತ್ತಿದ್ದೆವು. ದುಬಾರಿಯಾಗಿತ್ತು, ಆದರೆ ಆಡಿದಷ್ಟಕ್ಕೆ ಕೊಡುತ್ತಿದ್ದೆವು. 2003ರ ಮೇ ತಿಂಗಳಿಂದ ಮೊಬೈಲಿಗೆ ಒಳಬರುವ ಕರೆ ಉಚಿತವಾಯಿತು. ಬಡವರ ಕೈಗೆ ಮೊಬೈಲು ಬಂದದ್ದೇ ಆಮೇಲೆ. 2005ರ ಕೊನೆಯಲ್ಲಿ 999 ರೂಪಾಯಿಗೆ 'ಲೈಫ್‌ಟೈಮ್' ಸಿಮ್‌ಗಳು ಬಂದವು. ಆಗಾಗ ಅಲ್ಪಸ್ವಲ್ಪ ಹಣ ತುಂಬಿಸಿದರೆ ಬದುಕಿರುವವರೆಗೆ ಒಳಕರೆ ಬರುತ್ತದೆಂದು ನಂಬಿ ನಾನೂ ಒಂದನ್ನು ಕೊಂಡೆ. ಯಾರ ಜೀವಮಾನ ಎಂಬುದನ್ನು ನಾವು ಯಾರೂ ಕೇಳಲಿಲ್ಲ. ಸಣ್ಣ ಅಕ್ಷರದಲ್ಲಿ ಇದ್ದುದು ಕಂಪನಿಯ ಪರವಾನಗಿಯ ಜೀವಮಾನ.

2018ರ ನವೆಂಬರಿನಲ್ಲಿ ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ ಕಂಪನಿಗಳು 28 ದಿನಕ್ಕೆ ಕನಿಷ್ಠ 35 ರೂಪಾಯಿಯ ರೀಚಾರ್ಜ್ ಇಲ್ಲದಿದ್ದರೆ ಸೇವೆಯಿಲ್ಲ ಎಂದವು. ಖಾತೆಯಲ್ಲಿ ಸಾಕಷ್ಟು ಹಣವಿರುವ ಗ್ರಾಹಕರನ್ನು ಒಮ್ಮೆಲೇ ಕತ್ತರಿಸಬೇಡಿ ಎಂದು ಪ್ರಾಧಿಕಾರ ಆಗಲೇ ತಿಳಿಸಿತು. ಆದರೂ ಕನಿಷ್ಠ ರೀಚಾರ್ಜೆಂಬ ಪದ್ಧತಿ ಬೇರೂರಿತು. ಏರ್‌ಟೆಲ್ಲಿನಲ್ಲಿ ಆ 35 ಬೆಳೆದು 2021ರ ಜುಲೈಯಲ್ಲಿ 79, ಅದೇ ನವೆಂಬರಿನಲ್ಲಿ 99, 2023ರ ಆರಂಭಕ್ಕೆ ಕರ್ನಾಟಕದಲ್ಲಿ 155 ಆಯಿತು. ಆ 155ರ ಅವಧಿ 24 ದಿನ. ಚಂದ್ರ ಇನ್ನೂ ನಾಚಿದ. ಬಳಿಕ 199. ಆರು ವರ್ಷ ತುಂಬುವ ಮೊದಲೇ ಐದೂವರೆ ಪಟ್ಟಿಗೂ ಹೆಚ್ಚು. ನ್ಯಾಯವಾಗಿ ಇದನ್ನೂ ಹೇಳಬೇಕು: 35ಕ್ಕೆ ಸಿಗುತ್ತಿದ್ದುದು ಅಳೆದು ಕೊಟ್ಟ ಮಾತು, 199ಕ್ಕೆ ಸಿಗುವುದು ಅಳತೆಯಿಲ್ಲದ ಮಾತು. ಆದರೆ ಆ 35ರಲ್ಲಿ ಬಹುಪಾಲು ಮಾತಿನ ಹಣವಾಗಿ ಹಿಂದಕ್ಕೇ ಬರುತ್ತಿತ್ತು. ಅಳತೆಯಿಲ್ಲದ್ದನ್ನು ಅಕ್ಕ ಬೇಡಿರಲಿಲ್ಲ.

ಕಂಪನಿಗಳ ಪರವಾಗಿಯೂ ಎರಡು ಮಾತಿದೆ, ಅದನ್ನು ಮುಚ್ಚಿಟ್ಟು ವಾದ ಗೆಲ್ಲಲು ನನಗೆ ಮನಸ್ಸಿಲ್ಲ. ಮೊದಲು ಒಂದು ಜಾಲದಿಂದ ಇನ್ನೊಂದಕ್ಕೆ ಕರೆ ಹೋದರೆ, ಕರೆ ಮಾಡಿದವನ ಕಂಪನಿ ಸ್ವೀಕರಿಸಿದವನ ಕಂಪನಿಗೆ ನಿಮಿಷಕ್ಕಿಷ್ಟು ಎಂದು ಕೊಡಬೇಕಿತ್ತು. 2009ರಲ್ಲಿ ಅದು 20 ಪೈಸೆ, 2015ರಲ್ಲಿ 14, 2017ರ ಅಕ್ಟೋಬರಿನಲ್ಲಿ 6, 2021ರ ಜನವರಿಯಿಂದ ಸೊನ್ನೆ. ಅಂದರೆ, ಸುಮ್ಮನೆ ಕುಳಿತು ಕರೆ ಕೇಳಿಸಿಕೊಳ್ಳುತ್ತಿದ್ದ ನನ್ನ ಅಕ್ಕ ಒಂದು ಕಾಲದಲ್ಲಿ ತನ್ನ ಕಂಪನಿಗೆ ಗಳಿಸಿಕೊಡುತ್ತಿದ್ದಳು! ಆ ಪೈಸೆ ಕರಗುತ್ತ ಬಂದಂತೆ ಒಳಕರೆಯ ಗ್ರಾಹಕ ಹೊರೆಯಾಗಿ ಕಂಡ. ಕನಿಷ್ಠ ರೀಚಾರ್ಜು ಬಂದದ್ದು ಆ ದರ 6 ಪೈಸೆಗೆ ಇಳಿದ ಮರುವರ್ಷ ಎಂಬುದನ್ನು ಗಮನಿಸಿ. ಇನ್ನೊಂದು ಮಾತು, 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲಿನ ದರಸಮರ ಹಲವು ಕಂಪನಿಗಳನ್ನೇ ನುಂಗಿತು; ಉಳಿದವರು ಗೋಪುರ ಕಟ್ಟಬೇಕು, ತರಂಗಾಂತರಕ್ಕೆ ಸರಕಾರಕ್ಕೆ ಹಣ ಕಟ್ಟಬೇಕು. ದಿನಕ್ಕೆರಡು ಜಿಬಿ ಬಳಸುವ ನಿಮ್ಮಂಥವರಿಗೆ ಇಂದಿನ ದರ ನಿಜಕ್ಕೂ ಅಗ್ಗ, ನನಗೆ ಅದರಲ್ಲಿ ತಕರಾರಿಲ್ಲ.

ತಕರಾರು ಇರುವುದು ಇಲ್ಲಿ: ಸಂಪರ್ಕವನ್ನು ಉಳಿಸಿಕೊಡುವುದಕ್ಕೆ ಬಾಡಿಗೆ ಬೇಕೆಂದರೆ ಬಾಡಿಗೆ ಕೇಳಲಿ. ಹಳೆಯ ಸ್ಥಿರ ದೂರವಾಣಿಗೂ ಬಾಡಿಗೆಯಿತ್ತು, ಕೊಡುತ್ತಿದ್ದೆವು. ಆದರೆ ಬಾಡಿಗೆಯನ್ನು ಬಾಡಿಗೆಯೆಂದು ಕರೆಯದೆ, ಬೇಡದ ಸರಕಿನ ಮೂಟೆಯನ್ನು ಅದಕ್ಕೆ ಕಟ್ಟಿ, 'ಉಚಿತ' ಎಂಬ ಚೀಟಿ ಅಂಟಿಸಿ ಮಾರುವುದು ವ್ಯಾಪಾರದ ಮರ್ಯಾದೆಯಲ್ಲ. ನಮ್ಮದು ಬೈಟೂ ಕಾಫಿಯ ನಾಡು. ಒಂದು ಲೋಟ ಕಾಫಿಯನ್ನು ಇಬ್ಬರು ಹಂಚಿಕೊಂಡು ಕುಡಿಯುತ್ತೇವೆಂದರೆ ಎಷ್ಟೇ ದೊಡ್ಡ ಹೋಟೆಲಿನ ಮಾಣಿಯೂ ಹುಬ್ಬೇರಿಸುವುದಿಲ್ಲ. ಅಂಥ ಹೋಟೆಲಿನ ಬಾಗಿಲಲ್ಲಿ "ಒಳಗೆ ಕೂರಬೇಕಾದರೆ ಪೂರ್ಣ ಊಟದ ಕೂಪನ್ ಕಡ್ಡಾಯ, ಎಷ್ಟು ಬೇಕಾದರೂ ಉಣ್ಣಬಹುದು" ಎಂದು ಬರೆದರೆ ಹೇಗೆ? ಅರ್ಧ ಲೋಟ ಕಾಫಿಗೆ ಬಂದ ಮುದುಕ ಪಕ್ಕದ ಮೇಜಿನ ಮಲ್ಲನ ಊಟದ ಖರ್ಚಿನಲ್ಲಿ ಪಾಲು ಕೊಟ್ಟು ಹೊರಡಬೇಕು. ಕಡಿಮೆ ಬಳಸುವವನೇ ಪ್ರತಿ ನಿಮಿಷಕ್ಕೆ ಹೆಚ್ಚು ತೆರುವ ಈ ವ್ಯವಸ್ಥೆಯಲ್ಲಿ ತಮಾಷೆಯ ಇನ್ನೊಂದು ಸಂಗತಿಯಿದೆ. ಹತ್ತು ರೂಪಾಯಿಯ ಟಾಪ್-ಅಪ್ ಇಂದಿಗೂ ಇರಲೇಬೇಕೆಂದು ನಿಯಮವೇ ಇದೆ. ಹಾಕಿಸಿಕೊಳ್ಳಬಹುದು. ಆದರೆ ಅವಧಿಯ ಯೋಜನೆ ಚಾಲ್ತಿಯಲ್ಲಿ ಇಲ್ಲದಿದ್ದರೆ ಆ ಹತ್ತು ರೂಪಾಯಿ ಬೀಗ ಹಾಕಿದ ಪೆಟ್ಟಿಗೆಯೊಳಗಿನ ನಾಣ್ಯ, ಅಕ್ಕನ 47 ರೂಪಾಯಿಯಂತೆ.

ಈ ಮಾತನ್ನು ಪ್ರಾಧಿಕಾರ ಅರ್ಧದಷ್ಟು ಒಪ್ಪಿತು. 2024ರ ಡಿಸೆಂಬರ್ 23ರಂದು ತಿದ್ದುಪಡಿ ಹೊರಡಿಸಿ, ಇಂಟರ್ನೆಟ್ ಬೇಡದವರಿಗಾಗಿ ಬರಿಯ ಮಾತು ಮತ್ತು ಎಸ್ಸೆಮ್ಮೆಸ್ಸಿನ ಒಂದು ಯೋಜನೆಯನ್ನಾದರೂ ಪ್ರತಿ ಕಂಪನಿ ಇಡಬೇಕು ಎಂದಿತು. ಇಂಥ ವಿಶೇಷ ಯೋಜನೆಗಳ ಗರಿಷ್ಠ ಅವಧಿಯನ್ನು 90 ದಿನದಿಂದ 365 ದಿನಕ್ಕೆ ಏರಿಸಿತು. ಮುಂದಿನ ಜನವರಿಯಲ್ಲಿ ಏರ್‌ಟೆಲ್ ಏನು ಮಾಡಿತು ನೋಡಿ. 24 ಜಿಬಿ ಸೇರಿ 1999 ರೂಪಾಯಿಯಿದ್ದ ವರ್ಷದ ಯೋಜನೆಯಿಂದ 24 ಜಿಬಿಯನ್ನು ಪೂರ್ತಿ ತೆಗೆದು ಬೆಲೆಯನ್ನು 1959 ಮಾಡಿತು. ಅನ್ನ ತೆಗೆದು ಉಪ್ಪಿನಕಾಯಿಯ ಬೆಲೆ ಕಳೆದಂತೆ! ಹೊಸ ದರಗಳನ್ನು ಪರಿಶೀಲಿಸುವುದಾಗಿ ಪ್ರಾಧಿಕಾರ ಹೇಳಿದ ಮೇಲೆ ಕೆಲವೇ ದಿನಗಳಲ್ಲಿ ಅದು 1849ಕ್ಕೆ ಇಳಿಯಿತು. 84 ದಿನದ್ದು 499ರಿಂದ 469ಕ್ಕೆ. ಜಿಯೊ ತನ್ನ 1958ರದನ್ನು 1748ಕ್ಕೆ ಇಳಿಸುತ್ತ, ಅವಧಿಯನ್ನು 365ರಿಂದ 336 ದಿನಕ್ಕೆ ತಗ್ಗಿಸಿತು.

ಈಗ ನಿಮಗೊಂದು ಲೆಕ್ಕ. 336 ದಿನಕ್ಕೆ 1748 ಅಗ್ಗವೋ, 365 ದಿನಕ್ಕೆ 1849 ಅಗ್ಗವೋ? ಅಂಗಡಿಯಲ್ಲಿ ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಮೊದಲನೆಯದೆನ್ನುತ್ತಾರೆ, ನೂರು ರೂಪಾಯಿ ಉಳಿಯಿತಲ್ಲ! ದಿನಕ್ಕೆ ಭಾಗಿಸಿ: ಮೊದಲನೆಯದು 5 ರೂಪಾಯಿ 20 ಪೈಸೆ, ಎರಡನೆಯದು 5 ರೂಪಾಯಿ 7 ಪೈಸೆ. 199ರದ್ದಾದರೆ ದಿನಕ್ಕೆ 7 ರೂಪಾಯಿ 11 ಪೈಸೆ, ಹದಿಮೂರು ಸಲಕ್ಕೆ 2587 ರೂಪಾಯಿ. ವರ್ಷದ ಯೋಜನೆಯಲ್ಲಿ ಉಳಿಯುವ 738 ರೂಪಾಯಿಗಿಂತಲೂ ದೊಡ್ಡ ಲಾಭವೆಂದರೆ, ಮರೆಯುವ ಅವಕಾಶ ಹದಿಮೂರರಿಂದ ಒಂದಕ್ಕೆ ಇಳಿಯುತ್ತದೆ. ನೀವು ಓದುವ ಹೊತ್ತಿಗೆ ಅಂಕಿಗಳು ಬದಲಾಗಿರಬಹುದು. ಬೆಲೆಯನ್ನು ದಿನಗಳಿಂದ ಭಾಗಿಸುವ ಕ್ರಮ ಬದಲಾಗದು.

ಬಿಎಸ್ಎನ್ಎಲ್ ಮಾತು ಬೇರೆ. 2024ರಲ್ಲಿ ಅದು 1198 ರೂಪಾಯಿಗೆ ಒಂದು ವರ್ಷ, ತಿಂಗಳಿಗೆ 300 ನಿಮಿಷ ಮಾತು ಮತ್ತು 3 ಜಿಬಿ ಎಂಬ ಯೋಜನೆಯನ್ನು ಕೊಟ್ಟಿತ್ತು. ದಿನಕ್ಕೆ 3 ರೂಪಾಯಿ 28 ಪೈಸೆ. ಮಿತ ಬಳಕೆಯವರ ಮನಸ್ಸನ್ನು ಅರಿತು ಮಾಡಿದ ಲೆಕ್ಕವೆಂದರೆ ಅದು: ಅಳತೆಯಿದೆ, ಅಳತೆಗೆ ತಕ್ಕ ಬೆಲೆಯಿದೆ. ಆ ವರ್ಷದ ಜುಲೈ ಏರಿಕೆಯ ನಂತರ ಲಕ್ಷಗಟ್ಟಲೆ ಜನ ಅತ್ತ ಹೊರಳಿದ್ದು ಸುಮ್ಮನೆ ಅಲ್ಲ. ಆದರೆ ಸಿಗ್ನಲ್ ಇಲ್ಲದ ಅಗ್ಗದ ಯೋಜನೆ ನೀರಿಲ್ಲದ ಬಾವಿ. ಮೊದಲು ಆ ಕಂಪನಿಯ ಸಿಮ್ ಇರುವ ಯಾರನ್ನಾದರೂ ಕರೆದು, ಮನೆಯೊಳಗೆ, ಹಿರಿಯರು ಕೂರುವ ಜಾಗದಲ್ಲೇ ಕರೆ ಮಾಡಿಸಿ ನೋಡಿ. ಅಕ್ಕನ ಕಿಟಕಿಯಲ್ಲಿ ಅದು ಸಿಗಲಿಲ್ಲ. ನಿಮ್ಮ ಮನೆಯಲ್ಲಿ ಸಿಕ್ಕರೆ, ಸಂಖ್ಯೆ ಉಳಿಸಿಕೊಂಡೇ ಬದಲಾಗಬಹುದು: ಈಗಿನ ಜಾಲದಲ್ಲಿ 90 ದಿನ ಕಳೆದಿರಬೇಕು, ಪೋರ್ಟ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಜಾಗ ಬಿಟ್ಟು ಸಂಖ್ಯೆ ನಮೂದಿಸಿ 1900ಕ್ಕೆ ಕಳಿಸಬೇಕು, ಬರುವ ಸಂಕೇತ ನಾಲ್ಕು ದಿನ ಬಾಳುತ್ತದೆ. ಅಗ್ಗದ ಯೋಜನೆಗಳಿಂದ ಎಸ್ಸೆಮ್ಮೆಸ್ಸನ್ನೇ ಕಿತ್ತುಹಾಕಿ ಈ ಬಾಗಿಲನ್ನೂ ಮುಚ್ಚುವ ಪ್ರಯತ್ನ ನಡೆದಿತ್ತು. ಯಾವ ಯೋಜನೆಯಲ್ಲಿದ್ದರೂ 1900ಕ್ಕೆ ಸಂದೇಶ ಹೋಗಲೇಬೇಕೆಂದು 2021ರ ಡಿಸೆಂಬರಿನಲ್ಲಿ ಪ್ರಾಧಿಕಾರ ನಿರ್ದೇಶಿಸಿತು.

ಅಮೆರಿಕದಲ್ಲಿರುವ ಒಬ್ಬ ಶಿಷ್ಯ, ಬ್ಯಾಂಕಿನ ಒಟಿಪಿಗಾಗಿ ಊರಿನ ಸಿಮ್ ಇಟ್ಟುಕೊಂಡವನು, ಖಾತೆಯಲ್ಲಿ 20 ರೂಪಾಯಿ ಇದ್ದರೆ ಸಾಕಂತೆ ಹೌದೇ ಎಂದು ಕೇಳಿದ. 2025ರ ಆರಂಭದಲ್ಲಿ ವಾಟ್ಸಾಪಿನಲ್ಲಿ ಹೊಸ ನಿಯಮವೆಂದು ಓಡಾಡಿದ್ದು ವಾಸ್ತವವಾಗಿ 2013ರದು. 90 ದಿನ ಬಳಸದಿದ್ದರೂ 20 ರೂಪಾಯಿ ಇದ್ದರೆ ಅದನ್ನು ಕಳೆದುಕೊಂಡು ಇನ್ನು 30 ದಿನ ಸಂಖ್ಯೆಯನ್ನು ಬೇರೆಯವರಿಗೆ ಕೊಡದೆ ಉಳಿಸುತ್ತಾರೆ. ಅದು ಸಂಖ್ಯೆಯ ಉಳಿವಿನ ಮಾತು, ಸೇವೆಯ ಮಾತಲ್ಲ. ಒಟಿಪಿ ಬರಬೇಕಾದರೆ ಅವಧಿ ಇರಬೇಕು. ಅದನ್ನು ನಂಬಿ ಕುಳಿತು ಬ್ಯಾಂಕು, ಆಧಾರ್, ಗ್ಯಾಸು ಎಲ್ಲಕ್ಕೂ ಕಟ್ಟಿದ ಸಂಖ್ಯೆಯನ್ನು ಕಳೆದುಕೊಳ್ಳಬೇಡಿ.

ಪ್ರಾಧಿಕಾರ ಒಪ್ಪದೆ ಉಳಿಸಿದ ಇನ್ನರ್ಧವನ್ನೂ ಹೇಳಿಬಿಡುತ್ತೇನೆ. ಮಾತು ಮಾತ್ರದ ಯೋಜನೆಯೂ ಅನಿಯಮಿತ ಮಾತಿನದೇ. ಒಳಕರೆ ಮತ್ತು ಒಟಿಪಿಗೆಂದು ಒಂದು ಸಣ್ಣ ಬಾಡಿಗೆ, ಹೊರಕರೆಗೆ ಆಡಿದಷ್ಟು ಪೈಸೆ, ಇಷ್ಟನ್ನು ಕೇಳುವುದಕ್ಕೆ ನಮಗೆ ಹಕ್ಕಿದೆ. ಪ್ರಾಧಿಕಾರ ಸಾರ್ವಜನಿಕರ ಅಭಿಪ್ರಾಯ ಕೇಳುವುದುಂಟು. ಆಗ ಉದ್ದುದ್ದ ಪತ್ರ ಬರೆಯುವವರು ಕಂಪನಿಗಳ ವಕೀಲರು. ಕಿಟಕಿಯ ಬಳಿ ಕೂತವರ ಪರವಾಗಿ ಇಂಗ್ಲಿಷಿನಲ್ಲಿ ಎರಡು ಪುಟ ಬರೆಯಬಲ್ಲವರು ನಿಮ್ಮಲ್ಲೇ ನೂರು ಮಂದಿ ಇದ್ದೀರಿ, ನಾಲ್ವರು ವಕೀಲರೂ ಇದ್ದೀರಿ. ಮುಂದಿನ ಸಲ ಕೇಳಿದಾಗ ನಾನು ಕರಡು ಬರೆಯುತ್ತೇನೆ, ತಿದ್ದುವ ಕೆಲಸ ಈ ಬಾರಿ ನಿಮ್ಮದಾಗಲಿ.

ಅದಕ್ಕೆ ಮೊದಲು ಇಂದು ರಾತ್ರಿ ಊರಿಗೆ ಫೋನು ಮಾಡಿ, ಅಪ್ಪ ಅಮ್ಮನ ಫೋನಿಗೆ ಯಾವ ಯೋಜನೆಯಿದೆ, ಎಂದು ಮುಗಿಯುತ್ತದೆ ಎಂಬುದನ್ನು ನೋಡಿಕೊಳ್ಳಿ. ಮಾತು ಮಾತ್ರದ ಯೋಜನೆಗಳನ್ನು ಆ್ಯಪುಗಳು ಮೊದಲ ಪುಟದಲ್ಲಿ ತೋರಿಸುವುದಿಲ್ಲ, ಕೆಳಗೆ ಕೆಳಗೆ ಹುಡುಕಬೇಕು.

ಅಕ್ಕನಿಗೆ 2025ರ ಫೆಬ್ರುವರಿಯಲ್ಲಿ ಸೋದರಳಿಯನೂ ನಾನೂ ಸೇರಿ ವರ್ಷದ ಯೋಜನೆ ಹಾಕಿಸಿದೆವು. ಮುಗಿಯುವ ತಾರೀಖನ್ನು ಚೀಟಿಯಲ್ಲಿ ಬರೆದು ಫೋನಿನ ಬೆನ್ನಿಗೆ ಅಂಟಿಸಿದೆ. ಕನ್ನಡಕ ಏರಿಸಿ ಅದನ್ನು ಓದಿದ ಅವಳು, "ಇಷ್ಟು ದೂರದ ತಾರೀಖಿಗೆ ಈಗಲೇ ದುಡ್ಡು ಕಟ್ಟಿದಿರಾ? ಅಲ್ಲಿಯವರೆಗೆ ನಾನು ಇರಬೇಕಲ್ಲೋ" ಎಂದಳು. ಇರದಿದ್ದರೆ ಕಂಪನಿಗೆ ಲಾಭವಾಗುತ್ತದೆ, ಅದಕ್ಕಾದರೂ ಇರು ಎಂದೆ. ನಕ್ಕಳು.

ಹೆಂಚಿನ ಕಟ್ಟಡದ ಕಥೆ ಮುಂದಿನ ವಾರ.